ಹಳೇ ಫಿಯೆಟ್‌ಗೆ ಹೊಸ ಯಜಮಾನಿ

ತವರುಮನೆಯ ಹಿತ್ತಲಲ್ಲೋ ಮಾವನವರ ಹಳೇ ಮನೆಯ ಶೆಡ್ಡಿನಲ್ಲೋ ಟಾರ್ಪಾಲು ಹೊದ್ದು ಮಲಗಿರುವ ಒಂದು ಕಾರು ನಿಮ್ಮ ಕುಟುಂಬದಲ್ಲೂ ಇರಬಹುದು. ಆಯುಧಪೂಜೆ ದಿನ ಅದಕ್ಕೊಂದು ನಿಂಬೆಹಣ್ಣು, ಒಂದು ಮೊಳ ಹೂವು. ಉಳಿದ ದಿನ ಅದರ ಮೇಲೆ ಬೆಕ್ಕು ಮಲಗುತ್ತೆ. ‘ಗುಜರಿಗೆ ಹಾಕಿ ಜಾಗ ಖಾಲಿ ಮಾಡೋಣ ಅಕ್ಕಾ’ ಅಂತಾನೆ ತಮ್ಮ. ‘ಅಪ್ಪ ಓಡಿಸ್ತಿದ್ದ ಗಾಡಿ ಕಣೋ’ ಅನ್ನುವಾಗ ನಿಮ್ಮ ಗಂಟಲು ಕಟ್ಟುತ್ತೆ. ಅಥವಾ ಅಂಥ ಕಾರು ನಿಮ್ಮ ಮನೆಯಲ್ಲಿ ಇಲ್ಲದಿರಬಹುದು. ಆದರೆ ಮಕ್ಕಳು ದೊಡ್ಡವರಾಗಿದ್ದಾರೆ, ಕೈಯಲ್ಲಿ ಒಂದಿಷ್ಟು ಉಳಿತಾಯವಿದೆ, ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆ ಹಳೇ ಪದ್ಮಿನಿಯೊಂದನ್ನು ಓಡಿಸಿಕೊಂಡು ಹೋಗಬೇಕೆಂಬ ಆಸೆ ಒಳಗೇ ಕೂತಿದೆ.

‘ಅಯ್ಯೋ, ಇದೆಲ್ಲ ಗಂಡಸರ ಹುಚ್ಚು ಕಣ್ರೀ’ ಅಂತೀರಾ? ಹುಚ್ಚು ಹೌದು, ಗಂಡಸರದ್ದೇ ಅಂತೇನಿಲ್ಲ. ಮೂವತ್ತು ವರ್ಷದಿಂದ ಒಂದೇ ಮಿಕ್ಸಿಯನ್ನು ರಿಪೇರಿ ಮಾಡಿಸಿಕೊಂಡು ನಡೆಸುತ್ತಿರುವ ನಮಗೆ ಹಳೇ ಯಂತ್ರ ಸಂಭಾಳಿಸುವುದು ಹೊಸದೇನಲ್ಲ. ಆದರೆ ಈ ಹವ್ಯಾಸದಲ್ಲಿ ದುಡ್ಡು ಎಲ್ಲಿ ಸೋರುತ್ತೆ ಅನ್ನೋದು ಮೊದಲೇ ಗೊತ್ತಿರಬೇಕು. ಕೊಳ್ಳುವವರೆಲ್ಲ ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿ ಮರುಳಾಗ್ತಾರೆ. ಎಂಜಿನ್ ಕೊನೆಗೆ ನೋಡಿದರೂ ನಡೆಯುತ್ತೆ. ಮೊದಲು ಕಾಗದಪತ್ರ, ಆಮೇಲೆ ತಗಡು.

ಯಾವ ಗಾಡಿ?

ಮೊದಲ ಸಲಕ್ಕೆ ಅಪರೂಪದ ವಿದೇಶಿ ಕಾರಿನ ಗೊಡವೆ ಬೇಡ. ಒಂದು ಗಾಜು ಒಡೆದರೂ ಊರೂರು ಅಲೆಯಬೇಕು. ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಅಥವಾ ಮೊದಮೊದಲ ಮಾರುತಿ 800 ನಮ್ಮಂಥವರಿಗೆ ಸರಿಹೊಂದುತ್ತವೆ. ಪದ್ಮಿನಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂತು. ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಆಮೇಲೆ ಮೇವಾಡದ ರಾಣಿಯ ಹೆಸರು ಪಡೆಯಿತು. ಹೆಸರು ಬದಲಾದರೂ ನಮ್ಮ ಜನ ಅದನ್ನು ಫಿಯೆಟ್ ಅಂತಲೇ ಕರೆದರು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ, ಮುಂದೆ ಮೂವರು ಕೂರುವಂಥ ಉದ್ದ ಸೀಟು! ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ದಶಕಗಳ ಕಾಲ ಟ್ಯಾಕ್ಸಿಯಾಗಿ ದುಡಿದ ಗಾಡಿಯಾದ್ದರಿಂದಲೇ ಬಿಡಿಭಾಗ ಇನ್ನೂ ಸಿಗುತ್ತೆ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಮಾರುತಿ 800 ನಿಂತದ್ದೂ ಅದೇ ವರ್ಷ. ಅಂಬಾಸಿಡರ್ ಗಟ್ಟಿಗಿತ್ತಿ ನಿಜ, ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅದನ್ನು ತಿರುಗಿಸಲು ತೋಳಿನಲ್ಲಿ ಕಸುವು ಬೇಕು.

ಮೊದಲು ಸಹಿ, ಆಮೇಲೆ ರಿಪೇರಿ

ಅಪ್ಪನ ಕಾರು ಅಂದೆವಲ್ಲ, ಅಲ್ಲಿ ಒಂದು ಗಂಟಿದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಆರ್‌ಸಿ ಅವರ ಹೆಸರಲ್ಲೇ ಇರುತ್ತೆ. ವಾರಸುದಾರರ ಹೆಸರಿಗೆ ಗಾಡಿ ಬರುವುದು ಫಾರಂ 31ರ ಮೂಲಕ. ನಿಯಮದ ಪ್ರಕಾರ ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾಗಿದ್ದರೆ ದಂಡಕ್ಕೆ ಸಿದ್ಧರಾಗಿ. ಮರಣ ಪ್ರಮಾಣಪತ್ರದ ಜೊತೆಗೆ ವಂಶವೃಕ್ಷ, ಅಮ್ಮ ಮತ್ತು ಒಡಹುಟ್ಟಿದವರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ಈ ಒಪ್ಪಿಗೆ ಪತ್ರವನ್ನು ಮಾತ್ರ ‘ನಮ್ಮವರೇ ತಾನೇ, ನಿಧಾನಕ್ಕೆ ಆಗುತ್ತೆ’ ಅಂತ ಬಿಡಬೇಡಿ. ಕಾರು ಹಿತ್ತಲಲ್ಲಿ ಕೊಳೆಯುವಾಗ ಅದು ಯಾರಿಗೂ ಬೇಡ. ನೀವು ಚೀಟಿ ಎತ್ತಿ, ತಗಡು ಬಡಿಸಿ, ಬಣ್ಣ ಹೊಡೆಸಿ ಬಾಗಿಲಲ್ಲಿ ತಂದು ನಿಲ್ಲಿಸಿದ ದಿನ ಎಲ್ಲರಿಗೂ ಪಾಲು ನೆನಪಾಗುತ್ತೆ! ಗ್ಯಾರೇಜಿಗೆ ಒಂದು ರೂಪಾಯಿ ಕೊಡುವ ಮುಂಚೆಯೇ ಎಲ್ಲರ ಸಹಿ ಹಾಕಿಸಿಕೊಂಡುಬಿಡಿ. ಹಣ ನಿಮ್ಮ ಉಳಿತಾಯದ್ದಾದರೆ ಆರ್‌ಸಿಯೂ ನಿಮ್ಮ ಹೆಸರಿಗೇ ಆಗಲಿ. ‘ಯಾರ ಹೆಸರಲ್ಲಿದ್ದರೇನು’ ಅಂತ ಯಜಮಾನರು ಅಂದರೆ, ‘ಹಾಗಿದ್ರೆ ನನ್ನ ಹೆಸರಲ್ಲೇ ಇರಲಿ ಬಿಡಿ’ ಅಂದರಾಯಿತು.

ಹೊರಗಿನವರಿಂದ ಕೊಳ್ಳುವುದಾದರೆ ಫಾರಂ 29, 30. ಬೇರೆ ರಾಜ್ಯದ ಗಾಡಿಗೆ ಫಾರಂ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಯಲ್ಲಿ ಇರುವುದಕ್ಕೆ ಅಕ್ಷರಶಃ ತಾಳೆಯಾಗಬೇಕು. ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಗುರುತು ತೆಗೆದುಕೊಳ್ಳಿ. ತುಕ್ಕು ಹಿಡಿದು ನಂಬರೇ ಅಳಿಸಿಹೋಗಿದ್ದರೆ ಎಷ್ಟೇ ಚಂದದ ಗಾಡಿಯಾದರೂ ಕೈಮುಗಿದು ಬನ್ನಿ. ಕೆಎ ಬರುವ ಮುಂಚಿನ ಎಂವೈ, ಎಂಇ, ಸಿಎ ನಂಬರಿನ ಗಾಡಿಯಾದರೆ ಅದರ ವಿವರ ಆರ್‌ಟಿಒ ಕಂಪ್ಯೂಟರಿಗೆ ಏರಿದೆಯೇ ವಿಚಾರಿಸಿ. ಹಳೇ ಪುಸ್ತಕದ ಆರ್‌ಸಿ ಕೈಯಲ್ಲಿದ್ದು, ಕಂಪ್ಯೂಟರಿನಲ್ಲಿ ಗಾಡಿಯೇ ಇಲ್ಲದಿದ್ದರೆ ಓಡಾಟ ತಪ್ಪಿದ್ದಲ್ಲ.

‘ಹದಿನೈದು ವರ್ಷ ದಾಟಿದ ಗಾಡಿನ ಸರ್ಕಾರ ಎತ್ಕೊಂಡು ಹೋಗುತ್ತಂತೆ’ ಎಂದು ಹೆದರಿಸುವವರಿಗೆ ಕಡಿಮೆಯಿಲ್ಲ. ನಮ್ಮ ರಾಜ್ಯದಲ್ಲಿ ಖಾಸಗಿ ಕಾರಿಗೆ ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಹಾಗಾಗುವುದಿಲ್ಲ. 15 ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು, ಅಷ್ಟೇ. ಆದರೆ ಶುಲ್ಕ ಏರಿದೆ. 2025ರ ಆಗಸ್ಟ್‌ನಲ್ಲಿ ಹೊರಬಿದ್ದ ಕೇಂದ್ರದ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರಿನ ನವೀಕರಣಕ್ಕೆ 10,000 ರೂಪಾಯಿ. ಇದನ್ನೂ ಲೆಕ್ಕದಲ್ಲಿ ಬರೆದುಕೊಳ್ಳಿ.

50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಗಾಡಿಗೆ ‘ವಿಂಟೇಜ್’ ನೋಂದಣಿ 2021ರಿಂದ ಇದೆ. ಹೆಸರು ಕೇಳೋಕೆ ಜೋರು. ಆದರೆ ಆ ನೋಂದಣಿ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. ತರಕಾರಿಗೂ ದೇವಸ್ಥಾನಕ್ಕೂ ಹೋಗುವ ಆಸೆಯಿದ್ದರೆ ಮಾಮೂಲಿ ನವೀಕರಣವೇ ವಾಸಿ.

ಫ್ರಿಜ್ಜಿನ ಮ್ಯಾಗ್ನೆಟ್ ಜೊತೆಗಿರಲಿ

ಸೀರೆಯ ಜರಿಯನ್ನು ತಿರುಗಿಸಿ ನೋಡುವವರಿಗೆ ತಗಡು ನೋಡುವುದು ಕಷ್ಟವೇನಲ್ಲ. ಮಿರಮಿರ ಮಿಂಚುವ ಹೊಸ ಬಣ್ಣ ಕಂಡರೆ ಖುಷಿಪಡಬೇಡಿ, ಅನುಮಾನಪಡಿ. ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿರುತ್ತಾರೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುತ್ತೀರಲ್ಲ, ಆ ಮ್ಯಾಗ್ನೆಟ್ಟನ್ನೇ ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಭಾಗ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಅಂಚಿಗೆ ಹಿಡಿದು ನೋಡಿ. ತಗಡಿದ್ದರೆ ಕಚ್ಚುತ್ತೆ, ಪುಟ್ಟಿಯಿದ್ದರೆ ಜಾರುತ್ತೆ. ಆಮೇಲೆ ಕಾಲ ಕೆಳಗಿನ ಮ್ಯಾಟ್ ಎತ್ತಿಸಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ ನೋಡಿ. ಬಾಗಿಲು ತೆರೆದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ. ಅಡಿಯ ತಗಡು ಹೋಗಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬೇಡ. ಈ ಗಾಡಿಗಳ ಎಂಜಿನ್ ಬಿಚ್ಚಿ ಜೋಡಿಸುವವರು ಇನ್ನೂ ಇದ್ದಾರೆ. ಒಳ್ಳೆಯ ಟಿಂಕರಿಂಗ್ ಮಾಡುವವರು ಅಪರೂಪ, ಅವರ ಬಿಲ್ಲು ಕಾರಿನ ಬೆಲೆಯನ್ನೂ ಮೀರಬಹುದು. ಕೊಳ್ಳಲು ಎಷ್ಟು ಎತ್ತಿಟ್ಟಿದ್ದೀರೋ ಅಷ್ಟೇ ಮೊತ್ತ ರಿಪೇರಿಗೂ ಇಟ್ಟುಕೊಂಡಿರಿ ಅನ್ನೋದು ನನ್ನ ಸಲಹೆ. ಚಿನ್ನ ಅಡವಿಡುವ ಮಾತಂತೂ ಬೇಡವೇ ಬೇಡ.

ಕೊಂಡ ಮೇಲೆ ಮೊದಲ ಖರ್ಚು ಬ್ರೇಕಿಗೆ. ಪದ್ಮಿನಿಯಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಹೊಸ ಕಾರಿನಂತೆ ಮುಟ್ಟಿದರೆ ನಿಲ್ಲುವುದಿಲ್ಲ, ಪೆಡಲನ್ನು ಒತ್ತಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಬ್ರೇಕಿನ ರಬ್ಬರು ಕಲ್ಲಾಗಿರುತ್ತೆ. ಹೋಸು, ವೀಲ್ ಸಿಲಿಂಡರಿನ ಕಿಟ್ಟು, ಬ್ರೇಕ್ ಆಯಿಲ್ ಎಲ್ಲ ಹೊಸದು ಹಾಕಿಸದೆ ಗೇಟು ದಾಟಬೇಡಿ. ಟೈರಿನ ಗುಂಡಿ ಚೆನ್ನಾಗಿದ್ದರೂ ರಬ್ಬರು ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಏರ್‌ಬ್ಯಾಗ್ ಇಲ್ಲ, ಹಳೇ ಮಾಡೆಲಿನಲ್ಲಿ ಸೀಟ್ ಬೆಲ್ಟೂ ಇರುವುದಿಲ್ಲ. ಬೆಲ್ಟು ಕೂರಿಸಿ, ಆದರೂ ಮಕ್ಕಳನ್ನು ಹೈವೇಯಲ್ಲಿ ಕರೆದೊಯ್ಯಲು ಇದು ಗಾಡಿಯಲ್ಲ. ಈ ವಿಷಯದಲ್ಲಿ ಮಾತ್ರ ನಾನು ಹಳಬರ ‘ಆಗೆಲ್ಲ ಹೋಗ್ತಿರ್ಲಿಲ್ವಾ’ ವಾದಕ್ಕೆ ಬಗ್ಗುವವಳಲ್ಲ.

ಪೆಟ್ರೋಲು ಬದಲಾಗಿದೆ

ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಆ ಕಾಲದ ಗಾಡಿಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಎಥನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತೆ, ಬಿರುಕು ಬಿಡಿಸುತ್ತೆ. ಗಾಳಿಯ ತೇವ ಹೀರಿಕೊಂಡು ಟ್ಯಾಂಕಿನೊಳಗೆ ತುಕ್ಕು ತರುತ್ತೆ. ಹಾಗಾಗಿ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬೊರೇಟರಿನ ವಾಷರುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿಕೊಳ್ಳಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲು ಬಿಡಬೇಡಿ. ಒಳಗೆ ಕೂತಾಗ ಪೆಟ್ರೋಲ್ ವಾಸನೆ ಬಂದರೆ, ಗ್ಯಾಸ್ ವಾಸನೆ ಬಂದಾಗ ಅಡುಗೆಮನೆಯಲ್ಲಿ ಏನು ಮಾಡುತ್ತೀರೋ ಅದನ್ನೇ ಮಾಡಿ. ಆಫ್ ಮಾಡಿ ಇಳಿಯಿರಿ, ಪೈಪು ನೋಡದೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸೀಟಿನ ಕೆಳಗೊಂದು ಪುಟ್ಟ ಬೆಂಕಿ ಆರಿಸುವ ಸಿಲಿಂಡರು ಸದಾ ಇರಲಿ.

ಉಳಿದ ಆರೈಕೆ ಕಷ್ಟದ್ದಲ್ಲ. ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಪ್ರಯೋಜನವಿಲ್ಲ. ರೇಡಿಯೇಟರಿಗೆ ನಲ್ಲಿ ನೀರು ಬೇಡ, ಕೂಲೆಂಟ್ ಹಾಕಿ. ಮುಂಚಕ್ರದ ಕಿಂಗ್‌ಪಿನ್‌ಗೆ ಆಗಾಗ ಗ್ರೀಸ್ ಹೊಡೆಸಿ, ಇಲ್ಲದಿದ್ದರೆ ಸ್ಟೇರಿಂಗ್ ಬಿಗಿಯಾಗಿ ನಿಮ್ಮ ಭುಜ ಹಿಡಿಯುತ್ತೆ. ಬಿಡಿಭಾಗಕ್ಕೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಇದೆ, ಅಲ್ಲಿ ಸಿಗದ್ದಕ್ಕೆ ಶಿವಾಜಿನಗರದ ಗುಜರಿ. ಹಳೇ ಭಾಗವನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿ, ಫೋಟೊ ತೋರಿಸಿದರೆ ಬೇರೇನೋ ಕೊಟ್ಟು ಕಳಿಸ್ತಾರೆ. ಥರ್ಡ್ ಪಾರ್ಟಿ ವಿಮೆ, ಹೊಗೆ ತಪಾಸಣೆ ಚೀಟಿ ತಪ್ಪುವಂತಿಲ್ಲ. ಪೂರ್ಣ ವಿಮೆ ಮಾಡಿಸುವಾಗ 5 ವರ್ಷ ದಾಟಿದ ಗಾಡಿಯ ಬೆಲೆಯನ್ನು ಕಂಪನಿಯೂ ನೀವೂ ಮಾತಾಡಿ ನಿಗದಿ ಮಾಡಬಹುದು. ರಿಪೇರಿ ಬಿಲ್ಲುಗಳನ್ನೆಲ್ಲ ಜೋಡಿಸಿಟ್ಟು ಏಜೆಂಟರಿಗೆ ತೋರಿಸಿ ಕೇಳಿ.

ಮಳೆಗಾಲ ಬರುವ ಮುಂಚೆ ಆ ಪ್ಲಾಸ್ಟಿಕ್ ಟಾರ್ಪಾಲು ತೆಗೆದು ಬಿಸಾಡಿ. ಒಳಗೆ ಬೆವರು ಕಟ್ಟಿ ತುಕ್ಕು ಹತ್ತುವುದು ಅದರಿಂದಲೇ. ಗಾಳಿಯಾಡುವ ಬಟ್ಟೆಯ ಕವರ್ ಹೊದಿಸಿ. ಬೆಕ್ಕು ಮೇಲೆ ಮಲಗಿದರೆ ಮಲಗಲಿ, ವೈರು ಕಡಿಯುವ ಇಲಿಗಳು ಹತ್ತಿರ ಬರುವುದಿಲ್ಲ.