ಗಾಜಿನೆಳೆಯ ವಿಮಾನ: ಗ್ರಂಥಮುಖದಿಂದ ಕಲಿತ ಒಂದು ಕೈಗಸುಬು

ಕುಶಲವಿದ್ಯೆಗಳ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ಒಂದು ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಕೈಯಲ್ಲಿ ನೆಲಸಿರುವ ಜ್ಞಾನವನ್ನು ಬರಹಕ್ಕೆ ಇಳಿಸುವುದು ಸಾಧ್ಯವೆ? ಬಡಗಿಯಾಗಲಿ, ಕಮ್ಮಾರನಾಗಲಿ ತನ್ನ ವಿದ್ಯೆಯನ್ನು ಗುರುವಿನ ಬಳಿ ವರ್ಷಗಟ್ಟಲೆ ನಿಂತು, ನೋಡಿ, ಮಾಡಿ, ತಿದ್ದಿಸಿಕೊಂಡು ಕಲಿಯುತ್ತಾನೆ. ಗುರುಮುಖವಿಲ್ಲದೆ ಗ್ರಂಥಮುಖದಿಂದ ಮಾತ್ರವೇ ಒಂದು ಕಸುಬನ್ನು ಸಾವಿರಾರು ಜನ ಕಲಿತರು, ಅದೂ ತಪ್ಪಿದರೆ ಪ್ರಾಣಕ್ಕೇ ಎರವಾಗುವ ಕಸುಬನ್ನು ಕಲಿತರು ಎಂದರೆ ಅದು ವಿಚಾರಾರ್ಹವಾದ ಸಂಗತಿ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಗೃಹಸ್ಥರು ತಮ್ಮ ಮನೆಯ ಕೊಟ್ಟಿಗೆಗಳಲ್ಲಿ ಗಾಜಿನೆಳೆ ಮತ್ತು ರಾಳಗಳಿಂದ ವಿಮಾನ ಕಟ್ಟಲು ಕಲಿತ ವೃತ್ತಾಂತವು ಇಂತಹದು. ಆ ಕಸುಬಿನ ಹಿನ್ನೆಲೆಯನ್ನೂ ಕ್ರಮವನ್ನೂ, ಅದನ್ನು ಕಲಿಸಿದ ಬರಹದ ಸ್ವರೂಪವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

೧

ಎರಡು ಭಿನ್ನ ವಸ್ತುಗಳು ತಮ್ಮ ತಮ್ಮ ಗುಣಗಳನ್ನು ಉಳಿಸಿಕೊಂಡು, ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಕೂಡಿಕೊಂಡರೆ ಅದನ್ನು ಸಂಯುಕ್ತ ವಸ್ತು ಎನ್ನುತ್ತೇವೆ. ಮಣ್ಣಿನ ಗೋಡೆಗೆ ಹುಲ್ಲು ಬೆರೆಸುವುದು ಇದೇ ತತ್ತ್ವ. ಗಾಜಿನ ಎಳೆ ಎಳೆತವನ್ನು ಬಹಳವಾಗಿ ತಾಳಬಲ್ಲದು. ಆದರೆ ಅದಕ್ಕೆ ಸ್ವಂತ ಆಕಾರವಿಲ್ಲ. ರಾಳಕ್ಕೆ ಆಕಾರ ನಿಲ್ಲಿಸುವ ಶಕ್ತಿಯುಂಟು. ಎಳೆತಕ್ಕೆ ಅದು ದುರ್ಬಲ. ಎರಡೂ ಕೂಡಿದಾಗ ಹಗುರವೂ ದೃಢವೂ ಆದ ಮೂರನೆಯದೊಂದು ಹುಟ್ಟುತ್ತದೆ.

ಗಾಜನ್ನು ನೂಲಿನಂತೆ ತೆಗೆದು ಬಟ್ಟೆ ನೇಯುವ ಉದ್ಯಮವು ಅಮೆರಿಕದಲ್ಲಿ ೧೯೩೦ರ ದಶಕದಲ್ಲಿ ನೆಲೆಗೊಂಡಿತು. ಓವೆನ್ಸ್-ಕಾರ್ನಿಂಗ್ ಫೈಬರ್‌ಗ್ಲಾಸ್ ಸಂಸ್ಥೆ ಸ್ಥಾಪಿತವಾದದ್ದು ೧೯೩೮ರಲ್ಲಿ. ನಮ್ಮ ಅಂಗಡಿಗಳಲ್ಲಿ ಅರಾಲ್ಡೈಟ್ ಎಂಬ ಹೆಸರಿನಿಂದ ಪರಿಚಿತವಾದ ಅಂಟಿನ ಜಾತಿಗೆ ಸೇರಿದ ಎಪಾಕ್ಸಿ ರಾಳವು ಸುಮಾರು ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಮತ್ತು ಅಮೆರಿಕದ ಸಿಲ್ವನ್ ಗ್ರೀನ್‌ಲೀ ಇವರ ಪ್ರತ್ಯೇಕ ಪ್ರಯತ್ನಗಳಿಂದ ರೂಪುಗೊಂಡಿತು. ಮೂರನೆಯ ಎಳೆಯೊಂದು ಇಂಗ್ಲೆಂಡಿನಿಂದ ಬಂದಿತು. ೧೯೪೦ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ ಮಾಸ್ಕಿಟೊ ಎಂಬ ಯುದ್ಧವಿಮಾನದ ಒಡಲನ್ನು ತೆಳುವಾದ ಪ್ಲೈವುಡ್ ಹಾಳೆಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಕಟ್ಟಿದ್ದರು. ಹೊರಗೆ ಎರಡು ಗಟ್ಟಿ ತೊಗಲು, ನಡುವೆ ಹಗುರವಾದ ತಿರುಳು ಎಂಬ ಈ ರಚನೆಯೇ ಮುಂದಿನ ಎಲ್ಲ ಪ್ರಯೋಗಗಳಿಗೂ ಬೀಜವಾಯಿತು.

ಈ ಮೂರೂ ಎಳೆಗಳು ಬೇಗನೆ ಹೆಣೆದುಕೊಂಡವು. ೧೯೪೪ರಲ್ಲಿ ಅಮೆರಿಕದ ರೈಟ್ ಫೀಲ್ಡಿನಲ್ಲಿ ಗಾಜಿನೆಳೆಯ ಒಡಲುಳ್ಳ ಒಂದು ತರಬೇತಿ ವಿಮಾನವನ್ನು ಹಾರಿಸಿ ನೋಡಿದರು. ೧೯೫೭ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಫೀನಿಕ್ಸ್ ಎಂಬ ಗಾಜಿನೆಳೆಯ ಗ್ಲೈಡರು ಹಾರಿತು. ೧೯೬೯ರಲ್ಲಿ ಲಿಯೋ ವಿಂಡೆಕರ್ ಎಂಬ ಟೆಕ್ಸಾಸಿನ ದಂತವೈದ್ಯನು ರೂಪಿಸಿದ ಈಗಲ್ ವಿಮಾನಕ್ಕೆ ಅಮೆರಿಕದ ಸರ್ಕಾರದ ಅಂಗೀಕಾರ ದೊರೆಯಿತು. ಆದರೆ ಕಾರ್ಖಾನೆಯ ಕ್ರಮದಲ್ಲಿ ಮೊದಲು ಅಚ್ಚನ್ನು ಸಿದ್ಧಗೊಳಿಸಬೇಕು. ನೂರು ವಿಮಾನ ಮಾಡುವವನಿಗೆ ಅಚ್ಚಿನ ವೆಚ್ಚ ಹಂಚಿಹೋಗುತ್ತದೆ. ಒಂದೇ ವಿಮಾನ ಕಟ್ಟಿಕೊಳ್ಳುವವನಿಗೆ ಅಚ್ಚು ವಿಮಾನಕ್ಕಿಂತ ದುಬಾರಿಯಾಗುತ್ತದೆ. ಆದಕಾರಣ ಮನೆಯಲ್ಲಿ ವಿಮಾನ ಕಟ್ಟುವವರು ಬಹುಕಾಲ ಮರ, ಬಟ್ಟೆ, ಉಕ್ಕಿನ ಕೊಳವೆ ಮತ್ತು ಅಲ್ಯೂಮಿನಿಯಂ ತಗಡುಗಳನ್ನೇ ನೆಚ್ಚಿಕೊಂಡಿದ್ದರು.

೨

ಈ ತೊಡಕನ್ನು ಬಿಡಿಸಿದವರಲ್ಲಿ ಮುಖ್ಯನಾದವನು ಬರ್ಟ್ ರೂಟಾನ್. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಅವನು ೧೯೭೪ರಲ್ಲಿ ಒಂದು ಸಣ್ಣ ಸಂಸ್ಥೆಯನ್ನು ತೆರೆದನು. ಅವನ ವ್ಯಾರಿ-ಈಜಿ ಎಂಬ ಎರಡು ಆಸನಗಳ ವಿಮಾನ ೧೯೭೫ರ ಮೇ ೨೧ರಂದು ಮೊದಲು ಹಾರಿತು; ಅದರ ಹಿರಿಯ ರೂಪವಾದ ಲಾಂಗ್-ಈಜಿ ೧೯೭೯ರಲ್ಲಿ ಹಾರಿತು. ಇವುಗಳ ಪುಟ್ಟ ಸಮತಲ ರೆಕ್ಕೆ ಮುಂದೆ, ಎಂಜಿನ್ನು ಹಿಂದೆ. ಆದರೆ ನಮ್ಮ ವಿಷಯಕ್ಕೆ ಅವುಗಳ ಆಕಾರಕ್ಕಿಂತ ಕಟ್ಟುವ ಬಗೆಯೇ ಮುಖ್ಯ.

ರೂಟಾನನು ಕಾರ್ಖಾನೆಯ ಕ್ರಮವನ್ನು ತಲೆಕೆಳಗು ಮಾಡಿದನು. ಅಚ್ಚಿನೊಳಗೆ ತೊಗಲನ್ನು ಎರೆದು ಆಮೇಲೆ ತಿರುಳನ್ನು ಸೇರಿಸುವ ಬದಲು, ಮೊದಲು ಫೋಮ್ ದಿಂಡನ್ನೇ ರೆಕ್ಕೆಯ ಆಕಾರಕ್ಕೆ ಕತ್ತರಿಸುವುದು. ಅದರ ಮೇಲೆ ಗಾಜಿನ ಬಟ್ಟೆಯನ್ನು ಹಾಸಿ ರಾಳ ಹಚ್ಚುವುದು. ಫೋಮು ಒಳಗೇ ಉಳಿದು ರಚನೆಯ ಅಂಗವಾಗುತ್ತದೆ. ಅಚ್ಚೂ ತಿರುಳೂ ಒಂದೇ ಆದುದರಿಂದ ಇದಕ್ಕೆ ಅಚ್ಚಿಲ್ಲದ ವಿಧಾನವೆಂದು ಹೆಸರಾಯಿತು. ಇದರ ಬೆಲೆಯನ್ನು ಹಣದ ಬದಲು ಶ್ರಮದಲ್ಲಿ ತೆರಬೇಕು. ಅಚ್ಚಿನಿಂದ ಹೊರಬಂದ ಮೈ ನುಣುಪಾಗಿರುತ್ತದೆ. ಇಲ್ಲಿಯಾದರೋ ಬಟ್ಟೆಯ ನೇಯ್ಗೆ ಹೊರಗೇ ಕಾಣುವುದರಿಂದ ಮೆತ್ತಿ, ಉಜ್ಜಿ, ಮತ್ತೆ ಮೆತ್ತಿ, ಮತ್ತೆ ಉಜ್ಜಿ ನುಣುಪು ತರಬೇಕು.

ಈ ಕ್ರಮಕ್ಕೆ ಕಾನೂನಿನ ಅನುಕೂಲವೂ ಇದ್ದಿತು. ವಿಮಾನದ ಹೆಚ್ಚಿನ ಭಾಗವನ್ನು ತನ್ನ ಸ್ವಂತ ಶಿಕ್ಷಣಕ್ಕಾಗಿ ಅಥವಾ ವಿನೋದಕ್ಕಾಗಿ ಮಾತ್ರ ತಾನೇ ನಿರ್ಮಿಸಿದವನಿಗೆ ಅದನ್ನು ಪ್ರಾಯೋಗಿಕ ವಿಮಾನವೆಂದು ಹಾರಿಸುವ ಅನುಮತಿಯನ್ನು ಅಮೆರಿಕದ ನಿಯಮಗಳು ಕೊಡುತ್ತವೆ. ೧೯೫೩ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ಪಾಲ್ ಪೋಬೆರೆಜ್ನಿ ಮತ್ತು ಅವನ ಸಂಗಡಿಗರು ಸ್ಥಾಪಿಸಿದ ಪ್ರಾಯೋಗಿಕ ವಿಮಾನ ಸಂಘವು ಇಂತಹ ನಿರ್ಮಾಪಕರನ್ನು ಒಟ್ಟುಗೂಡಿಸಿತ್ತು. ನಿಯಮದಲ್ಲಿ ಬಂದಿರುವ ಶಿಕ್ಷಣ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ವಿಮಾನವು ಫಲ, ಕಾನೂನು ಮನ್ನಿಸುವುದು ಕಲಿಕೆಯನ್ನು.

೩

ಇನ್ನು ಕಲಿಯುವವನು ಏನನ್ನು ಕಲಿಯಬೇಕೆಂಬುದನ್ನು ನೋಡೋಣ. ರೂಟಾನನು ನಕ್ಷೆಗಳ ಜೊತೆಗೆ ಕಸುಬಿನ ಪಾಠವನ್ನೇ ಬರೆದುಕೊಟ್ಟನು. ಮೊದಲ ದಿನವೇ ರೆಕ್ಕೆಗೆ ಕೈ ಹಚ್ಚುವಂತಿಲ್ಲ. ಸಣ್ಣ ಅಭ್ಯಾಸದ ತುಂಡುಗಳನ್ನು ಮೊದಲು ಮಾಡಬೇಕು. ಹಲವು ಪದರಗಳ ಒಂದು ಚಪ್ಪಟೆ ಹಲಗೆಯನ್ನು ಮಾಡಿ, ಹೇಳಿದ ಅಳತೆಗೆ ಕತ್ತರಿಸಿ, ತೂಗಿ ನೋಡಬೇಕು. ತೂಕ ಹೆಚ್ಚಾದರೆ ರಾಳ ಹೆಚ್ಚಾಯಿತೆಂದು ಅರ್ಥ; ಕಡಮೆಯಾದರೆ ಬಟ್ಟೆ ಒಣಗಿ ಉಳಿಯಿತೆಂದು ಅರ್ಥ. ಎದುರಿಗಿಲ್ಲದ ಗುರುವಿನ ಸ್ಥಾನದಲ್ಲಿ ಹೀಗೆ ತಕ್ಕಡಿಯು ಕುಳಿತು ಪರೀಕ್ಷೆ ಮಾಡುತ್ತದೆ.

ರೆಕ್ಕೆಯ ದಿಂಡನ್ನು ಕತ್ತರಿಸುವುದು ಕಾದ ತಂತಿಯಿಂದ. ನಮ್ಮಲ್ಲಿ ಥರ್ಮೋಕೋಲ್ ಎಂದು ಕರೆಯುವ ವಸ್ತುವಿನ ಜಾತಿಗೆ ಸೇರಿದ ಪಾಲಿಸ್ಟೈರೀನ್ ಫೋಮಿನ ಎರಡು ಕೊನೆಗಳಿಗೂ ರೆಕ್ಕೆಯ ಅಡ್ಡಕೊಯ್ತದ ಆಕಾರದ ಮಾದರಿ ಹಲಗೆಗಳನ್ನು ಬಡಿಯುತ್ತಾರೆ. ಬಿಗಿದ ಉಕ್ಕಿನ ತಂತಿಗೆ ವಿದ್ಯುತ್ತನ್ನು ಹರಿಸಿ, ಇಬ್ಬರು ಎರಡು ಕಡೆ ಹಿಡಿದು, ಮಾದರಿಗಳ ಅಂಚಿನ ಮೇಲೆ ಜಾರಿಸುತ್ತಾರೆ. ರೆಕ್ಕೆ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು; ಆದುದರಿಂದ ಇಬ್ಬರೂ ಒಂದೇ ವೇಗದಲ್ಲಿ ಹೋಗುವಂತಿಲ್ಲ. ಎರಡು ಮಾದರಿಗಳ ಮೇಲೂ ಒಂದೇ ಸಂಖ್ಯೆಯ ಗುರುತುಗಳಿರುತ್ತವೆ. ಒಬ್ಬನು ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತ ಹೋದಂತೆ ಇನ್ನೊಬ್ಬನು ಅದಕ್ಕೆ ಹೊಂದಿಕೊಂಡು ಸಾಗುತ್ತಾನೆ. ತಂತಿಯ ನಡುಭಾಗವು ಕೊನೆಗಳಿಗಿಂತ ಹಿಂದೆ ಬೀಳುವುದರಿಂದ ತಿರುವುಗಳಲ್ಲಿ ಕ್ಷಣಕಾಲ ನಿಲ್ಲಬೇಕು. ಪಾಲಿಯುರಿಥೇನ್ ಎಂಬ ಇನ್ನೊಂದು ಫೋಮನ್ನು ಮಾತ್ರ ಕಾದ ತಂತಿಯಿಂದ ಎಂದೂ ಮುಟ್ಟಲಾಗದು. ಅದರ ಹೊಗೆ ವಿಷ. ಅದನ್ನು ಚಾಕುವಿನಿಂದ ಕೊರೆಯಬೇಕು.

ಬಟ್ಟೆಯಲ್ಲಿ ಎರಡು ಬಗೆ. ಒಂದರಲ್ಲಿ ಎಳೆಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಓಡುತ್ತವೆ. ರೆಕ್ಕೆಯ ಉದ್ದಕ್ಕೆ ಬೀಳುವ ಬಾಗುಬಲವನ್ನು ಹೊರುವುದು ಇದು. ಇನ್ನೊಂದರಲ್ಲಿ ಹಾಸೂ ಹೊಕ್ಕೂ ಸಮ. ಅದನ್ನು ರೆಕ್ಕೆಯ ಉದ್ದಕ್ಕೆ ೪೫ ಡಿಗ್ರಿ ಓರೆಯಾಗಿ ಹಾಸಿದರೆ ತಿರುಚುವ ಬಲವನ್ನು ತಡೆಯುತ್ತದೆ. ಎಳೆಯ ದಿಕ್ಕು ತಪ್ಪಿದರೆ, ಹಾಸಿದ ಬಟ್ಟೆಯ ಪ್ರಮಾಣ ಎಷ್ಟಿದ್ದರೂ ಬಲ ಬಾರದು.

ರಾಳದ ವಿಷಯದಲ್ಲಿ ಶಿಸ್ತು ಇನ್ನೂ ಹೆಚ್ಚು. ರಾಳವನ್ನೂ ಹಾರ್ಡನರನ್ನೂ ಹೇಳಿದ ಪ್ರಮಾಣದಲ್ಲಿ ತೂಗಿ, ಬಟ್ಟಲಿನ ತಳ ಮತ್ತು ಬದಿಗಳನ್ನು ಕೆರೆಯುತ್ತ ಚೆನ್ನಾಗಿ ಕಲಸಬೇಕು. ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಹೆಚ್ಚು ಹಾಕಿದರೆ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ, ದುರ್ಬಲವಾಗುತ್ತದೆ. ಕಲಸಿದ ರಾಳ ಬಟ್ಟಲಿನಲ್ಲಿ ರಾಶಿಯಾಗಿ ಉಳಿದರೆ ತನ್ನ ಕಾವಿನಿಂದ ತಾನೇ ಹೊಗೆಯಾಡಿ ಕೆಡುತ್ತದೆ. ಕೆಲಸದ ಕೋಣೆ ತಂಪಾದರೆ ರಾಳ ಮಂದವಾಗಿ ಎಳೆಗಳ ನಡುವೆ ಇಳಿಯದು. ಬಿಸಿಯಾದರೆ ಹಾಸುವ ಮೊದಲೇ ಗಟ್ಟಿಯಾಗುವುದು.

ಫೋಮಿನ ಮೈಯ ರಂಧ್ರಗಳನ್ನು ಮೊದಲು, ಗಾಜಿನ ಸೂಕ್ಷ್ಮ ಗುಳ್ಳೆಗಳ ಪುಡಿಯನ್ನು ಬೆರೆಸಿದ ರಾಳದಿಂದ ಸವರಿ ಮುಚ್ಚುತ್ತಾರೆ. ಈ ಮಿಶ್ರಣವು ಹಗುರ, ಆದರೆ ನಿಶ್ಶಕ್ತ; ಬಟ್ಟೆಯ ಪದರಗಳ ನಡುವೆ ಅದು ಎಂದೂ ಸೇರಬಾರದು. ಮೂಲೆಗಳನ್ನು ಬಲಪಡಿಸಲು ಹತ್ತಿಯ ನಾರಿನ ಪುಡಿಯನ್ನು ಬೆರೆಸಿದ ರಾಳವೇ ಬೇಕು. ಬಟ್ಟೆಯನ್ನು ಹಾಸಿ, ರಾಳವನ್ನು ಸುರಿದು, ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಹಲ್ಲೆಯಿಂದ ಎಳೆದಾಗ ಬಿಳಿಯ ಬಟ್ಟೆ ನೋಡನೋಡುತ್ತಿರುವಂತೆ ಪಾರದರ್ಶಕವಾಗುತ್ತದೆ. ಗಾಳಿ ಉಳಿದ ಕಡೆ ಬಿಳಿಯ ಚುಕ್ಕೆ ಕಾಣುತ್ತದೆ. ಕರಿಯ ಇಂಗಾಲದ ಎಳೆ ಗಾಜಿಗಿಂತ ಬಿರುಸಾದರೂ ಅದರೊಳಗಿನ ದೋಷ ಕಣ್ಣಿಗೆ ಕಾಣದು. ಗಾಜು ತನ್ನ ದೋಷವನ್ನು ತಾನೇ ತೋರಿಸಿಕೊಡುತ್ತದೆ. ಗುರುವಿಲ್ಲದ ಶಿಷ್ಯನಿಗೆ ಈ ಗುಣಕ್ಕಿಂತ ದೊಡ್ಡ ಸಹಾಯವಿಲ್ಲ. ಹೆಚ್ಚಾದ ರಾಳವನ್ನು ಎಳೆದು ತೆಗೆದ ಮೇಲೆ ತೂಕದಲ್ಲಿ ಗಾಜು ಎರಡು ಪಾಲು, ರಾಳ ಒಂದು ಪಾಲು ಉಳಿದರೆ ಕೈ ಪಳಗಿತೆಂದು ತಿಳಿಯಬೇಕು.

ಕೆಲವು ಗಂಟೆಗಳ ಮೇಲೆ ಹಾಸು ತೊಗಲಿನ ಹದಕ್ಕೆ ಬರುತ್ತದೆ. ಆಗ ಅಂಚನ್ನು ಹರಿತವಾದ ಚಾಕುವಿನಿಂದ ಸುಲಭವಾಗಿ ಕತ್ತರಿಸಬಹುದು. ಹದ ಮೀರಿದರೆ ಗರಗಸವೇ ಬೇಕು. ಮುಂದೆ ಬೇರೊಂದು ಭಾಗವನ್ನು ಅಂಟಿಸಬೇಕಾದ ಕಡೆ ಡೇಕ್ರಾನ್ ಬಟ್ಟೆಯನ್ನು ಮೇಲೆ ಹಾಸಿ ಗಟ್ಟಿಯಾದ ನಂತರ ಸುಲಿಯುತ್ತಾರೆ. ಅಥವಾ ಹೊಳಪು ಹೋಗುವವರೆಗೆ ಉಜ್ಜುತ್ತಾರೆ. ಹೊಳೆಯುವ ಮೈಗೆ ಅಂಟು ಕೂಡದು. ಕೈಗವಸನ್ನು ಮರೆಯುವವನಿಗೆ ಎಪಾಕ್ಸಿಯಿಂದ ಚರ್ಮದ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಅದು ಸಾಮಾನ್ಯವಾಗಿ ಜೀವಾವಧಿ ಬಿಡುವುದಿಲ್ಲ. ಎಲ್ಲ ಮುಗಿದ ಮೇಲೆ ವಿಮಾನಕ್ಕೆ ಬಿಳಿಯ ಬಣ್ಣವನ್ನೇ ಹಚ್ಚುತ್ತಾರೆ. ಇದಕ್ಕೆ ಕಾರಣ ಅಲಂಕಾರವಲ್ಲ. ಕಪ್ಪು ಬಣ್ಣ ಬಿಸಿಲನ್ನು ಹೀರಿದರೆ ಒಳಗಿನ ರಾಳವೂ ಫೋಮೂ ಮೆದುವಾಗುವ ಅಪಾಯವುಂಟು.

೪

ಮೇಲಿನ ವಿವರಣೆಯಲ್ಲಿ ಒಂದು ವಿಶೇಷ ಕಂಡುಬರುತ್ತದೆ. ಹೀಗೆ ಮಾಡು ಎಂಬ ಪ್ರತಿಯೊಂದು ವಿಧಿಯ ಹಿಂದೆಯೂ ಹೀಗಾಗಿದ್ದರೆ ಸರಿ ಎಂಬ ಪರೀಕ್ಷೆಯುಂಟು: ತೂಕ, ಪಾರದರ್ಶಕತೆ, ಹೊಳಪು, ಹದ. ಈ ಗ್ರಂಥವು ಗುರುವಿನ ಕೆಲಸವನ್ನು ಮಾಡಲು ಸಾಧ್ಯವಾದದ್ದು ಇದರಿಂದ. ಆದರೆ ಗ್ರಂಥಕ್ಕೆ ಗ್ರಂಥದ ಕಷ್ಟಗಳೂ ಇವೆ. ರೂಟಾನನ ಸಂಸ್ಥೆಯು ಕೆನಾರ್ಡ್ ಪುಷರ್ ಎಂಬ ಸುದ್ದಿಪತ್ರಿಕೆಯ ಮೂಲಕ ನಕ್ಷೆಯ ತಿದ್ದುಪಡಿಗಳನ್ನು ಕಳುಹಿಸುತ್ತಿತ್ತು. ಓದುಗನು ತನ್ನ ಪ್ರತಿಯಲ್ಲಿ ಅವನ್ನು ಬರೆದುಕೊಳ್ಳಬೇಕಾಗಿತ್ತು. ತಿದ್ದಿದ ಪ್ರತಿ, ತಿದ್ದದ ಪ್ರತಿ ಎಂದು ಎರಡು ಪಾಠಗಳು ಹೀಗೆ ಹುಟ್ಟಿದವು. ಓಲೆಗರಿಗಳ ಪಾಠಾಂತರಗಳಲ್ಲಿ ತಪ್ಪಿದರೆ ಅರ್ಥ ಕೆಡುತ್ತದೆ. ಇಲ್ಲಿ ತಪ್ಪಿದರೆ ರೆಕ್ಕೆ ಕೆಡುತ್ತದೆ.

ಮೂಲಪಾಠವನ್ನು ಬಿಟ್ಟು ನಡೆಯುವುದರ ಪರಿಣಾಮಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವಿದೆ. ೧೯೯೭ರ ಅಕ್ಟೋಬರ್ ೧೨ರಂದು ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಲಾಂಗ್-ಈಜಿ ವಿಮಾನ ಬಿದ್ದು ಮೃತನಾದನು. ಆ ವಿಮಾನವನ್ನು ಕಟ್ಟಿದವನು ಬೇರೊಬ್ಬ. ಡೆನ್ವರ್ ಅದನ್ನು ಸ್ವಲ್ಪ ಕಾಲದ ಹಿಂದೆ ಕೊಂಡಿದ್ದನು. ಇಂಧನದ ತೊಟ್ಟಿಗಳನ್ನು ಬದಲಿಸುವ ಹಿಡಿಯನ್ನು ಕಟ್ಟಿದವನು ನಕ್ಷೆಯಲ್ಲಿ ಹೇಳಿದ ಸ್ಥಳದಲ್ಲಿ ಇಡದೆ, ಚಾಲಕನ ಎಡಭುಜದ ಹಿಂದೆ ಇಟ್ಟಿದ್ದನು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯು ಆ ಹಿಡಿಯನ್ನು ತಿರುಗಿಸಲು ಹೋದಾಗ ಚಾಲಕನ ಹತೋಟಿ ತಪ್ಪಿತೆಂದು ನಿರ್ಣಯಿಸಿ, ಸ್ಥಾನಪಲ್ಲಟವನ್ನೂ ಒಂದು ಕಾರಣವೆಂದು ಎಣಿಸಿತು. ಗಾಜು, ರಾಳಗಳ ಕೆಲಸದಲ್ಲಿ ಅಲ್ಲಿ ದೋಷವಿರಲಿಲ್ಲವೆಂಬುದು ಗಮನಾರ್ಹ. ಕಲಿಯುವವನು ತನ್ನ ಜೀವವನ್ನು ಮಾತ್ರವಲ್ಲ, ಮುಂದೆ ಆ ಆಸನದಲ್ಲಿ ಕುಳಿತುಕೊಳ್ಳುವ ಅಪರಿಚಿತನ ಜೀವವನ್ನೂ ಕೈಯಲ್ಲಿ ಹಿಡಿದಿರುತ್ತಾನೆ. ಈ ಹೊಣೆಯ ಭಾರವು ಗ್ರಂಥಕರ್ತನನ್ನೂ ತಟ್ಟಿತು. ಕಾನೂನಿನ ಹೊಣೆಗಾರಿಕೆಯ ಭಯದಿಂದ ರೂಟಾನನು ೧೯೮೫ರಲ್ಲಿ ನಕ್ಷೆಗಳ ಮಾರಾಟವನ್ನೇ ನಿಲ್ಲಿಸಿದನು. ಅಲ್ಲಿಂದ ಮುಂದೆ ಕಸುಬು ಉಳಿದುದು ಹಳೆಯ ಪ್ರತಿಗಳಲ್ಲಿ ಮತ್ತು ಕಟ್ಟಿದವರ ಕೈಗಳಲ್ಲಿ.

೫

ಈ ವಿದ್ಯೆಯ ಸಂಬಂಧ ಕನ್ನಡನಾಡಿಗೂ ಉಂಟು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯು ಲಾಂಗ್-ಈಜಿಯನ್ನೇ ಆಧಾರವಾಗಿಟ್ಟುಕೊಂಡು ಒಂದು ಹಗುರ ಸಂಶೋಧನ ವಿಮಾನವನ್ನು ನಿರ್ಮಿಸಿ ೧೯೮೭ರಲ್ಲಿ ಹಾರಿಸಿತು. ಅದೇ ಸಂಸ್ಥೆಯ ಸಂಯುಕ್ತ ವಸ್ತುವಿನ ತರಬೇತಿ ವಿಮಾನವಾದ ಹಂಸವು ೧೯೯೩ರ ನವೆಂಬರ್ ೧೭ರಂದು ಮೊದಲು ಹಾರಿತು. ಒಬ್ಬ ಗೃಹಸ್ಥನಿಗಾಗಿ ಬರೆದ ಪಾಠವು ಒಂದು ರಾಷ್ಟ್ರೀಯ ಪ್ರಯೋಗಶಾಲೆಗೂ ಮೊದಲ ಮೆಟ್ಟಿಲುಗಳಲ್ಲೊಂದಾದದ್ದು ಆ ಬರಹದ ಸತ್ತ್ವಕ್ಕೆ ಸಾಕ್ಷಿ.

ಒಟ್ಟಿನಲ್ಲಿ, ಕೈಯ ಜ್ಞಾನವನ್ನು ಬರಹಕ್ಕೆ ಇಳಿಸಬಹುದೆ ಎಂಬ ಪ್ರಶ್ನೆಗೆ ಈ ಇತಿಹಾಸವು ಒಂದು ನಿಶ್ಚಿತವಾದ ಉತ್ತರವನ್ನು ಕೊಡುತ್ತದೆ. ವಿಧಿಯ ಜೊತೆಗೆ ಕಾರಣವನ್ನೂ, ಕಾರಣದ ಜೊತೆಗೆ ಪರೀಕ್ಷೆಯನ್ನೂ ಹೇಳಿದ ಬರಹದಿಂದ ಕಸುಬನ್ನು ಕಲಿಯಬಹುದು. ಆದರೆ ಬರಹವು ಹೊಣೆಯನ್ನು ಹೊರಲಾರದು; ಅದನ್ನು ಓದಿದವನೇ ಹೊರಬೇಕು. ನಮ್ಮ ನಾಡಿನ ಕುಶಲಕರ್ಮಿಗಳ ವಿದ್ಯೆಗಳನ್ನು ದಾಖಲೆ ಮಾಡಲು ಹೊರಡುವ ಸಂಶೋಧಕರು ಉಪಕರಣಗಳ ಹೆಸರುಗಳನ್ನೂ ಕೆಲಸದ ಕ್ರಮವನ್ನೂ ಬರೆದುಕೊಂಡರೆ ಸಾಲದು. ಕೆಲಸ ಸರಿಯಾಯಿತೆಂದು ಆ ಕುಶಲಿಗೆ ಹೇಗೆ ತಿಳಿಯುತ್ತದೆ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಆಗ ಮಾತ್ರ ನಮ್ಮ ದಾಖಲೆಯಿಂದ ಮುಂದೊಬ್ಬನು ಆ ಕೆಲಸವನ್ನು ಮತ್ತೆ ಮಾಡಬಲ್ಲನು.