ಹಳೆಯದಕ್ಕೊಂದು ಹಾದಿ

ಫಾಲ್ಗುಣದ ಹುಣ್ಣಿಮೆಗೆ ಕಾಮನನ್ನು ಸುಟ್ಟ ಬೂದಿ ಆರಿದಂದಿನಿಂದ ಮೊದಲ್ಗೊಂಡು ಚೈತ್ರ ಶುದ್ಧ ಪಾಡ್ಯದವರೆಗಿನ ಹದಿನೈದು ದಿನಗಳಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಹಳೆಯ ಓಣಿಗಳೊಳಗೆ ನಡೆದುಹೋದರೆ, ವರ್ಷವಿಡೀ ಗೋಡೆಗಳ ಮರೆಯಲ್ಲಿದ್ದ ಸಂಸಾರವೆಲ್ಲ ಅಂಗಳಕ್ಕೆ ಇಳಿದುಬಂದು ಬಿಸಿಲು ಕಾಯುತ್ತಿರುವಂತೆ ಕಾಣುವುದು. ಕಟ್ಟೆಯ ಮೇಲೆ ಬಾಯಿ ತೆರೆದ ಸಂದೂಕ, ಗೋಡೆಗೆ ಒರಗಿದ ಹೊರಸು, ಹುಣಸೆಹಣ್ಣು ಬೂದಿಗಳಿಂದ ತಿಕ್ಕಿಸಿಕೊಂಡು ಹೊಸತರಂತೆ ಹೊಳೆಯುವ ತಾಮ್ರದ ಹಂಡೆ, ಒಂದರ ಮೇಲೊಂದರಂತೆ ಅಡುಗೆಮನೆಯ ಮೂಲೆಯಲ್ಲಿ ನಿಂತಿದ್ದು ಈಗ ಬಿಡಿಬಿಡಿಯಾಗಿ ನೆಲದ ಮೇಲೆ ಕುಳಿತಿರುವ ಅಡಕಲ ಗಡಿಗೆಗಳು, ಮಾಳಿಗೆಯ ಅಂಚಿನಿಂದ ಕೆಳಕ್ಕೆ ಇಳಿಬಿಟ್ಟ ಬಣ್ಣಬಣ್ಣದ ಕೌದಿಗಳು—ಇವೆಲ್ಲವೂ ಆ ಮನೆಯ ಚರಿತ್ರೆಯನ್ನು ಬೀದಿಗೆ ಬಿಚ್ಚಿಟ್ಟಿರುತ್ತವೆ. ಒಳಗೆ ಸುಣ್ಣಕ್ಕೆ ನೀಲಿ ಬೆರೆಸಿ ಬಳಿಯುವವರು ಒಬ್ಬರು, ಕೆಮ್ಮಣ್ಣಿನಿಂದ ಗೋಡೆಯ ಬುಡಕ್ಕೆ ಪಟ್ಟಿ ಎಳೆಯುವವರು ಇನ್ನೊಬ್ಬರು, ಜಂತಿಗಳ ಸಂದಿಯ ಜೇಡರಬಲೆಯನ್ನು ಉದ್ದನೆಯ ಗಳಕ್ಕೆ ಕಟ್ಟಿದ ಕಸಬರಿಗೆಯಿಂದ ತೆಗೆಯುವವರು ಮತ್ತೊಬ್ಬರು. ಶ್ರೀಶೈಲದ ಮಲ್ಲಯ್ಯನಿಗೆ ಕಾಲುನಡಿಗೆಯಲ್ಲಿ ಹೊರಡಬೇಕೆಂದಿರುವ ಮನೆಗಳಲ್ಲಂತೂ ಈ ಕಾರ್ಯವು ಇನ್ನೂ ತ್ವರಿತವಾಗಿ ಮುಗಿಯತಕ್ಕದ್ದು; ಯುಗಾದಿಗೆ ಅವರು ಕ್ಷೇತ್ರದಲ್ಲಿರಬೇಕಷ್ಟೆ.

ಈ ಸೀಮೆಯಲ್ಲಿ ವರ್ಷಕ್ಕೆ ಎರಡು ಸಲ ಮನೆ ತೊಳೆಯುವ ಪದ್ಧತಿಯುಂಟು. ಎರಡಕ್ಕೂ ಬೇರೆಬೇರೆ ಕಾರಣಗಳಿವೆ. ಮಹಾನವಮಿಯ ಘಟಸ್ಥಾಪನೆಗೆ ಮುಂಚೆ ಮಾಡುವುದು ಮಳೆಗಾಲದ ತೇವವನ್ನು ಮನೆಯಿಂದ ಹೊರಗಟ್ಟುವ ಶುದ್ಧಿ. ಆಗ ಹಾಸಿಗೆ ಹೊದಿಕೆಗಳೆಲ್ಲ ಗಂಟುಕಟ್ಟಿಕೊಂಡು ಹಳ್ಳಕ್ಕೋ, ಭೀಮೆಯ ದಂಡೆಗೋ, ನಾರಾಯಣಪುರದ ಬಸವಸಾಗರದಿಂದ ಹರಿದುಬರುವ ಕಾಲುವೆಗೋ ಹೋಗುತ್ತವೆ. (ಕಾಲುವೆಯ ಇಳಿಜಾರು ಪಾಚಿಗಟ್ಟಿ ಜಾರುವುದೆಂಬುದನ್ನೂ, ತುಂಬಿ ಹರಿಯುವ ನೀರಿನ ಸೆಳೆತ ಮೇಲಿನಿಂದ ತಿಳಿಯದೆಂಬುದನ್ನೂ ಈ ಸಂದರ್ಭದಲ್ಲೇ ಹೇಳಬೇಕಾಗಿದೆ, ಒಗೆಯಲು ಹೋದ ಹೆಣ್ಣುಮಕ್ಕಳು ಮರಳದ ಮನೆಗಳು ನಮ್ಮಲ್ಲಿವೆ. ಒಬ್ಬೊಬ್ಬರೇ ಹೋಗಬಾರದು, ಮಕ್ಕಳನ್ನು ಕರೆದೊಯ್ಯಲೇಬಾರದು.) ಯುಗಾದಿಯ ಶುದ್ಧಿಯಾದರೋ ಸುಗ್ಗಿಯ ಹಿಂದಿನಿಂದ ಬರುವಂಥದು. ಹಿಂಗಾರಿನ ಬಿಳಿಜೋಳ ಕಣದಿಂದ ಮನೆಗೆ ಬರುವ ಹೊತ್ತಿಗೆ ಹಳೆಯ ಜೋಳದ ಚೀಲಗಳು ಸರಿದು ಹೊಸ ಕಾಳಿಗೆ ಎಡೆಮಾಡಿಕೊಡಬೇಕು. ಮಣ್ಣಿನ ಮಾಳಿಗೆಯ ಮೇಲೆ ಮುಂಗಾರಿಗೆ ಮುಂಚೆ ಕರಲು ಮಣ್ಣು ಹರಡಿ ಸೋರುವ ಕಂಡಿಗಳನ್ನು ಮುಚ್ಚಬೇಕು. ಒಕ್ಕಲುತನದ ಲೆಕ್ಕವೂ ಆಳುಗಳ ವರ್ಷದ ಕರಾರೂ ಅಂದಿಗೇ ಹೊಸತಾಗುತ್ತಿದ್ದವು. ಆದುದರಿಂದ ಮನೆಯನ್ನು ಬರಿದುಮಾಡಿ ತುಂಬುವ ಈ ಕ್ರಿಯೆಗೆ ಅಲಂಕಾರಕ್ಕಿಂತ ಹೆಚ್ಚಾಗಿ ಜೀವನೋಪಾಯದ ಸಂಬಂಧವಿತ್ತು.

ನಾನು ಇಲ್ಲಿ ಒತ್ತಿ ಹೇಳಬಯಸುವ ಮಾತು ಒಂದೇ. ನಮ್ಮ ಹಿರಿಯರ ಮನೆಗಳು ಅಚ್ಚುಕಟ್ಟಾಗಿದ್ದುದಕ್ಕೆ ಅವರಲ್ಲಿ ವಸ್ತುಗಳು ಕಡಿಮೆಯಿದ್ದುವೆಂಬುದೊಂದೇ ಕಾರಣವಲ್ಲ. ಮನೆಯಿಂದ ಹೊರಡುವ ಪ್ರತಿಯೊಂದು ಹಳೆಯ ವಸ್ತುವಿಗೂ ಹೋಗಿ ಸೇರುವ ಒಂದು ಸ್ಥಾನ ನಿಶ್ಚಿತವಾಗಿತ್ತು. ಒಲೆಯ ಬೂದಿ ಪಾತ್ರೆ ತಿಕ್ಕಲು. ಮುರಿದ ಮರ ಕಾಮನ ಬೆಂಕಿಗೆ, ಇಲ್ಲವೆ ಬಚ್ಚಲ ಒಲೆಗೆ. ದನದ ಕೊಟ್ಟಿಗೆಯ ಕಸ, ಅಡುಗೆಮನೆಯ ಸಿಪ್ಪೆ, ಸಾರಣೆಯ ಉಳಿಕೆ ಇವೆಲ್ಲ ತಿಪ್ಪೆಗೆ. ಆ ತಿಪ್ಪೆಯನ್ನು ಕಸದ ರಾಶಿಯೆಂದು ಭಾವಿಸುವುದು ತಪ್ಪು. ಅದು ಮುಂದಿನ ವರ್ಷದ ಬೆಳೆಯ ಠೇವಣಿ. ಬೇಸಿಗೆಯಲ್ಲಿ ಬಂಡಿ ಹೂಡಿ, ಕಳಿತ ಗೊಬ್ಬರವನ್ನು ಹೊಲಕ್ಕೆ ಸಾಗಿಸಿ ಗುಪ್ಪೆಗುಪ್ಪೆಯಾಗಿ ಇಳಿಸುವಾಗ, ಹೋದ ವರ್ಷ ಮನೆಯಿಂದ ಹೊರಟದ್ದು ಬರುವ ವರ್ಷ ಕಾಳಾಗಿ ಮನೆಗೆ ಬರುವ ಹಾದಿಯನ್ನು ಹಿಡಿಯುತ್ತಿತ್ತು.

ಬಟ್ಟೆಯ ಹಾದಿಯಂತೂ ಎಲ್ಲಕ್ಕಿಂತ ದೀರ್ಘವಾದುದು. ತಾಯಿಯ ಸೀರೆ ಹರಿದರೆ ಮಗಳ ಲಂಗ, ಲಂಗ ಹರಿದರೆ ಕೂಸಿನ ಕುಂಚಿಗೆ ಅಥವಾ ತೊಟ್ಟಿಲ ಹಾಸು, ಅದೂ ಸವೆದರೆ ಕೌದಿಯ ಒಡಲು. ನಾಲ್ಕಾರು ಪದರ ಹಳೆಯ ನೂಲಿನ ಬಟ್ಟೆಯನ್ನು ನೆಲದ ಮೇಲೆ ಹರವಿ, ಮೇಲೆ ಬಣ್ಣದ ತುಂಡುಗಳನ್ನು ಚೌಕವಾಗಿಯೋ ಮೂರುಮೂಲೆಯಾಗಿಯೋ ಜೋಡಿಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ಹೊಲಿಗೆ ಹಾಕುತ್ತ ಬರುವ ಕೌದಿಯ ಕೆಲಸವು ಒಬ್ಬಳಿಂದ ಆಗತಕ್ಕುದಲ್ಲ. ನೆರೆಯ ಹೆಂಗಸರು ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಸುತ್ತ ಕುಳಿತು, ತಮ್ಮ ತಮ್ಮ ಬದಿಯಿಂದ ಸೂಜಿ ನಡೆಸುವರು. ಹೊದೆದು ಮಲಗಿದ ಮಗುವಿಗೆ ಅಜ್ಜಿಯು ಒಂದೊಂದು ತುಂಡಿನ ಮೇಲೆ ಬೆರಳಿಟ್ಟು, ಇದು ನಿನ್ನ ದೊಡ್ಡಮ್ಮನ ಮದುವೆಯ ಸೀರೆ, ಇದು ನಿನ್ನ ತಂದೆಯ ಮೊದಲ ಅಂಗಿ ಎಂದು ಹೇಳಬಲ್ಲಳು. ತ್ಯಾಜ್ಯವನ್ನು ಸ್ಮರಣೆಯಾಗಿ ಪರಿವರ್ತಿಸುವ ಇದಕ್ಕಿಂತ ಶ್ರೇಷ್ಠವಾದ ಕಲೆಯನ್ನು ನಾನು ಕಂಡಿಲ್ಲ. ಕೌದಿಗೂ ಒಗ್ಗದ ಬಟ್ಟೆಯನ್ನು ಭಾಂಡೆ ಮಾರುವವಳು ಬುಟ್ಟಿ ಹೊತ್ತು ಬಂದಾಗ ಅವಳಿಗೆ ಕೊಟ್ಟು, ಚೌಕಾಸಿ ಮಾಡಿ ಒಂದು ತಟ್ಟೆಯನ್ನೋ ಡಬ್ಬಿಯನ್ನೋ ಪಡೆಯುತ್ತಿದ್ದರು.

ಈಗ ಮನೆ ತುಂಬುತ್ತಿರುವ ವಸ್ತುಗಳಿಗೆ ಇಂತಹ ಹಾದಿಯಿಲ್ಲ. ಪಾಲಿಯೆಸ್ಟರ್ ಸೀರೆಯು ಬೆವರು ಹೀರದು, ಕೌದಿಗೆ ಬಾರದು. ಪ್ಲಾಸ್ಟಿಕ್ ಚೀಲ ತಿಪ್ಪೆಗೆ ಬಿದ್ದರೆ ಕಳಿಯದೆ ಗೊಬ್ಬರದೊಡನೆ ಹೊಲಕ್ಕೆ ಹೋಗಿ ಎರೆಮಣ್ಣಿನಲ್ಲಿ ಹೂತುಕೊಳ್ಳುವುದು, ಇಲ್ಲವೆ ದನದ ಹೊಟ್ಟೆ ಸೇರುವುದು. ಹಾದಿ ಕಾಣದೆ ಜನರು ಅದನ್ನು ಕಾಮನ ಬೆಂಕಿಗೂ ಹಾಕುತ್ತಾರೆ. ಮರ ಕುಳ್ಳುಗಳನ್ನು ಸುಡುತ್ತಿದ್ದ ಆ ಬೆಂಕಿಯಲ್ಲಿ ಈಗ ಟೈರು, ಪ್ಲಾಸ್ಟಿಕ್ಕುಗಳು ಉರಿದು ಸುತ್ತ ನಿಂತ ಮಕ್ಕಳ ಉಸಿರಿಗೆ ವಿಷ ಬೆರೆಸುತ್ತವೆ. ಇದನ್ನು ನಿಲ್ಲಿಸಬೇಕು. ಕೆಟ್ಟ ಮೊಬೈಲು, ಚಾರ್ಜರುಗಳ ವಿಷಯದಲ್ಲಿ 2022ರ ಇ-ತ್ಯಾಜ್ಯ ನಿರ್ವಹಣೆಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ನಮ್ಮ ಸಣ್ಣ ಊರುಗಳ ಓಣಿಗೆ ಆ ವ್ಯವಸ್ಥೆ ಬಂದು ಮುಟ್ಟುವವರೆಗೆ ಅವನ್ನು ಒಂದು ತಗಡಿನ ಡಬ್ಬಿಯಲ್ಲಿ ಬೇರೆಯಾಗಿ ಕೂಡಿಡುವುದೇ ಲೇಸು. ದುಡಿಯಲು ಬೆಂಗಳೂರಿಗೆ ಹೋಗಿರುವ ಕುಟುಂಬಗಳದು ಇನ್ನೊಂದು ಕಷ್ಟ: ಬೀಗ ಹಾಕಿದ ಊರಮನೆಯಲ್ಲೊಂದು ಸಂಸಾರ, ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲೊಂದು ಸಂಸಾರ. ಹಬ್ಬಕ್ಕೆ ಬಂದ ಎರಡು ದಿನಗಳಲ್ಲಿ ವರ್ಷದ ಧೂಳು ತೆಗೆಯುವ ಆ ತಾಯಂದಿರಿಗೆ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕೆಂದು ಯೋಚಿಸುವ ವ್ಯವಧಾನ ಎಲ್ಲಿಯದು?

ಇಂಥವರೆಲ್ಲರ ಕೈಯಲ್ಲಿಯೂ ಈಗ ಇನ್ನೊಂದು ಮನೆಯಿದೆ. ಅದಕ್ಕೆ ಅಂಗಳವಿಲ್ಲ, ತಿಪ್ಪೆಯಿಲ್ಲ, ಯುಗಾದಿಯೂ ಇಲ್ಲ. ಮೊಬೈಲಿನೊಳಕ್ಕೆ ಬರುವ ಶುಭೋದಯದ ಚಿತ್ರಗಳು, ಜಾತ್ರೆಯ ವಿಡಿಯೋಗಳು, ಯಾರೋ ಕಳಿಸಿದ್ದನ್ನು ಇನ್ಯಾರೋ ಕಳಿಸಿದ ಸುದ್ದಿಗಳು ನಾವು ಕರೆಯದೆ ತಾವಾಗಿಯೇ ಬಂದು ನೆಲೆಯೂರುತ್ತವೆ. ಎರಡು ವರ್ಷಗಳ ಹಿಂದೆ ಸುರಪುರದಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ ನಡೆಯುತ್ತಿರುವಾಗ ಅಕ್ಕನ ಮೊಬೈಲು ಜಾಗವಿಲ್ಲವೆಂದು ಚಿತ್ರ ತೆಗೆಯಲೊಲ್ಲದೆ ನಿಂತಿತು. ಒಬ್ಬ ಹುಡುಗನು ಅವಸರದಲ್ಲಿ ಕೈಗೆ ಸಿಕ್ಕಿದುದನ್ನೆಲ್ಲ ಅಳಿಸಿದನು. ಚಿತ್ರಗಳು ಬಂದವು, ಆದರೆ ತೀರಿಹೋದ ನಮ್ಮ ಭಾವ ಆಸ್ಪತ್ರೆಯಿಂದ ಕಳಿಸಿದ್ದ ಅರ್ಧ ನಿಮಿಷದ ಧ್ವನಿ, ಅವರ ಕಂಠದ ಏಕೈಕ ಉಳಿಕೆ, ಆ ಶುಭೋದಯದ ಚಿತ್ರಗಳೊಡನೆಯೇ ಹೋಯಿತು. "ಹೋಗ್ಲಿ ಬಿಡೋ ತಮ್ಮಾ, ಹುಡುಗಗ ಏನ್ ತಿಳೀತದ" ಎಂದಳು ಅಕ್ಕ. ಅಂದಿನಿಂದ ಈ ವಿಷಯವನ್ನು ನಾನು ಹಗುರವಾಗಿ ಕಾಣಲಾರೆನು.

ಆ ಹುಡುಗನಿಗೆ ತಿಳಿಯದೆ ಹೋದುದು ಅಂಗಳದ ನೀತಿ. ಮನೆಯನ್ನು ಶುದ್ಧಮಾಡುವವರು ಮೊದಲು ಎಲ್ಲವನ್ನೂ ಬೆಳಕಿಗೆ ತಂದು ಹರವುತ್ತಾರೆ. ಬಳಿಕ ಬೆಲೆಯುಳ್ಳದ್ದನ್ನು ಎತ್ತಿಡುತ್ತಾರೆ. ಬಿಸುಡುವುದು ಕಡೆಯ ಮಾತು. ಮೊಬೈಲಿನಲ್ಲಿಯೂ ಮೊದಲು ತೀರಿಕೊಂಡವರ ಧ್ವನಿ, ಮದುವೆ ಮುಂಜಿಗಳ ಚಿತ್ರ, ಪಹಣಿ ಪಾಸ್‌ಬುಕ್ಕುಗಳ ಪ್ರತಿ ಇವನ್ನು ಆರಿಸಿ, ಮನೆಯ ಇನ್ನೊಬ್ಬರ ಮೊಬೈಲಿಗೋ, ಕಂಪ್ಯೂಟರಿಗೋ, ಪೆನ್‌ಡ್ರೈವಿಗೋ ಸಾಗಿಸಿ ಎರಡು ಕಡೆ ಇರಿಸಿಕೊಳ್ಳಬೇಕು. ಅನಂತರ ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ಎಂಬಲ್ಲಿಗೆ ಹೋದರೆ, 5 ಎಂಬಿಗಿಂತ ದೊಡ್ಡವು, ಅನೇಕ ಬಾರಿ ಫಾರ್ವರ್ಡ್ ಆದವು ಎಂದು ಅದೇ ವಿಂಗಡಿಸಿ ತೋರಿಸುವುದು. ಕಸದ ಬಹುಭಾಗ ಅಲ್ಲಿಯೇ ಇರುತ್ತದೆ. ಬಂದದ್ದೆಲ್ಲ ತಾನಾಗಿ ಇಳಿಯುವ ಆಟೋ ಡೌನ್‌ಲೋಡನ್ನು ನಿಲ್ಲಿಸುವುದು ಬಾಗಿಲಿಗೆ ಹೊಸ್ತಿಲು ಹಾಕಿದಂತೆ. ಗೂಗಲ್ ಖಾತೆಯೊಂದಕ್ಕೆ ಉಚಿತವಾಗಿ ದೊರೆಯುವ ಜಾಗ 15 ಜಿಬಿ. ಮಿಂಚಂಚೆ, ಕಡತ, ಚಿತ್ರಗಳೆಲ್ಲಕ್ಕೂ ಇದೊಂದೇ ಹಗೇವು, 2021ರ ಜೂನ್ 1ರಿಂದ ಹೊಸ ಚಿತ್ರಗಳ ಲೆಕ್ಕವೂ ಇದಕ್ಕೇ ಸೇರಿದೆ. ಅಲ್ಲಿ ಅಳಿಸಿದ ಚಿತ್ರವೂ ಕೂಡಲೇ ಇಲ್ಲವಾಗದು; ಬ್ಯಾಕಪ್ ಆದ ಚಿತ್ರವಾಗಿದ್ದರೆ 60 ದಿನ ಕಸದ ಬುಟ್ಟಿಯಲ್ಲಿದ್ದು ನಮ್ಮ ಮನಸ್ಸು ಬದಲಾಗುವುದನ್ನು ಕಾಯುತ್ತದೆ. ತಪ್ಪಿ ಅಳಿಸಿದವರು ಮೊದಲು ನೋಡಬೇಕಾದ ಸ್ಥಳ ಅದು. ಇತ್ತ ಎರಡು ವರ್ಷ ತೆರೆಯದೆ ಬಿಟ್ಟ ಖಾತೆಯನ್ನು ಒಳಗಿರುವುದರ ಸಮೇತ ಅಳಿಸುವ ಹಕ್ಕನ್ನು ಗೂಗಲ್ ಇಟ್ಟುಕೊಂಡಿದೆಯೆಂಬುದನ್ನೂ, ಹಿರಿಯರ ಹೆಸರಿನಲ್ಲಿ ಖಾತೆ ತೆರೆದುಕೊಟ್ಟು ಮರೆತ ಮಕ್ಕಳು ನೆನಪಿಡಬೇಕು.

ಕಣ್ಣಿಗೆ ಕಾಣದ ಕಸ ಇದಕ್ಕಿಂತ ಅಪಾಯಕಾರಿ. ಎಂದೋ ಹಾಕಿಕೊಂಡು ಮರೆತ ಆ್ಯಪುಗಳು, ಅದರಲ್ಲಿಯೂ ದಿಢೀರ್ ಸಾಲ ಕೊಡುವೆವೆಂದು ನಮ್ಮ ಪರಿಚಿತರ ನಂಬರುಗಳನ್ನೆಲ್ಲ ಓದಲು ಅನುಮತಿ ಪಡೆದವು, ಮನೆಯೊಳಗೆ ಅಡಗಿ ಕುಳಿತ ಕಳ್ಳನಿಗೆ ಸಮಾನ. ಆ್ಯಪನ್ನು ತೆಗೆದ ಮಾತ್ರಕ್ಕೆ ಅಲ್ಲಿ ತೆರೆದ ಖಾತೆ ಮುಚ್ಚದು. ಮೊದಲು ಖಾತೆಯನ್ನು ಮುಚ್ಚಿ, ಬಳಿಕ ಆ್ಯಪನ್ನು ತೆಗೆಯಬೇಕು. ಕೇಂದ್ರ ಸರ್ಕಾರವು 2023ರಲ್ಲಿ ಆರಂಭಿಸಿದ ಸಂಚಾರ ಸಾಥಿ ಜಾಲತಾಣದಲ್ಲಿ ತನ್ನ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆಯೆಂದು ಯಾರಾದರೂ ನೋಡಬಹುದು, ತನ್ನದಲ್ಲದ್ದನ್ನು ತಿಳಿಸಿ ನಿಲ್ಲಿಸಬಹುದು. ಹಳೆಯ ಮೊಬೈಲನ್ನು ಮಾರುವ ಮುಂಚೆ ಫ್ಯಾಕ್ಟರಿ ರೀಸೆಟ್ ಮಾಡಿಸದೆ ಕೈಬಿಡಬಾರದು. ಇಂಥ ವಂಚನೆಯಲ್ಲಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಬೇಕು.

ಇನ್ನು ಸಂದೂಕದ ಕಾಗದಗಳ ವಿಷಯ. ಇದು ಈ ಮೂರೂರಿನ ಮನೆಗಳಿಗೆ ವಿಶೇಷವಾಗಿ ಸಲ್ಲುವ ಮಾತು. ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರೊಡನೆ ಕಾದಿ ಸೋತ ಮೇಲೆ, 1860ರಲ್ಲಿ ಸುರಪುರ ಸಂಸ್ಥಾನವು ನಿಜಾಮನ ಕೈಸೇರಿತು. 1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿ ನಡೆದುದು ಹೈದರಾಬಾದಿನ ನಿಜಾಮನ ಆಡಳಿತ. ಹೀಗಾಗಿ ನಮ್ಮ ಅಜ್ಜಂದಿರ ಹೊಲಮನೆಗಳ ಹಳೆಯ ಕಾಗದಗಳು ನಾವು ಓದಲರಿಯದ ಫಾರಸಿ ಉರ್ದುಗಳಲ್ಲಿರುವುದುಂಟು. ಓದಲು ಬಾರದೆಂಬ ಕಾರಣಕ್ಕೆ ಅವು ರದ್ದಿಯಾಗಿ ತೂಕಕ್ಕೆ ಹೋಗುತ್ತಿವೆ. ಅದೇ ವೆಂಕಟಪ್ಪ ನಾಯಕನು ಬಾಲರಾಜನಾಗಿದ್ದ ಕಾಲದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯನ್ನು ಬರೆದಿಟ್ಟನು, ಅದು 1877ರಲ್ಲಿ ಅಚ್ಚಾಯಿತು. ಗುಡ್ಡದ ಮೇಲಿನ ಅವನ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎನಿಸಿಕೊಳ್ಳುತ್ತದೆ. ಅಧಿಕಾರಿಯ ಮಾತು ಉಳಿಯಿತು. ಆಳಿಸಿಕೊಂಡವರ ಮಾತು ಇರುವುದಾದರೆ ಈ ಸಂದೂಕಗಳಲ್ಲಿಯೇ ಇರಬೇಕು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸುವುದು ಸಾಧ್ಯವಾದುದು, ಓಲೆಗರಿಗಳನ್ನು ಹೊಗೆಹಿಡಿದ ಮೂಲೆಗಳಲ್ಲಿಯಾದರೂ ಉಳಿಸಿಕೊಂಡು ಬಂದ ಅಜ್ಞಾತ ಮನೆಗಳಿಂದಾಗಿ. ಆ ಮನೆಗಳ ಸೊಸೆಯಂದಿರು ಒಂದು ಯುಗಾದಿಗೆ ಅವನ್ನು ಒಲೆಗೆ ಹಾಕಿದ್ದರೆ ನಾವು ಕಳೆದುಕೊಳ್ಳುತ್ತಿದ್ದುದೆಷ್ಟು! ಓಲೆಗರಿ ಸಿಕ್ಕರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ತಿಳಿಸಬಹುದು. ತೀರಿಹೋದವರ ಪಾಸ್‌ಬುಕ್ಕು ಸಿಕ್ಕರೆ ಅದನ್ನೂ ಹರಿಯಬಾರದು: ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಹಣವು ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರರ ಹಕ್ಕು ಹೋಗುವುದಿಲ್ಲ, 2023ರಿಂದ ಉದ್ಗಮ್ ಎಂಬ ಜಾಲತಾಣದಲ್ಲಿ ಅದನ್ನು ಹೆಸರು ಹಿಡಿದು ಹುಡುಕಬಹುದಾಗಿದೆ.

ಬರುವ ಯುಗಾದಿ ಅಮಾವಾಸ್ಯೆಗೆ ಮುಂಚೆ ಒಂದು ಮಧ್ಯಾಹ್ನವನ್ನು ಬಿಡುವುಮಾಡಿಕೊಂಡು, ಸಂದೂಕವನ್ನೂ ಮೊಬೈಲನ್ನೂ ಮನೆಯ ಅತ್ಯಂತ ಹಿರಿಯರ ಮುಂದಿರಿಸಿರಿ. ಅವರು ಒಂದೊಂದು ಕಾಗದವನ್ನು, ಒಂದೊಂದು ಚಿತ್ರವನ್ನು ನೋಡಿ ಇದು ಯಾರದು, ಯಾವ ಊರಿನದು, ಯಾವ ವರ್ಷದ್ದು ಎಂದು ಹೇಳುತ್ತಿರುವಾಗ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿರಿ. ಬಿಸುಡುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಿರಿ.