ಮಾಸಿದ ಕುದುರೆಗೆ ಹೊಸ ಬಣ್ಣ

ದಸರಾ ಹತ್ತಿರ ಬಂತೆಂದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಪಟ್ಟದ ರಾಜ-ರಾಣಿಗೇನೋ ಹೊಸ ಜರಿ ಸೀರೆ, ಪೇಟ ಸಿಗುತ್ತದೆ. ಆದರೆ ಮೆರವಣಿಗೆಯ ಕುದುರೆಗಳ ಗತಿ? ಒಂದರ ಕಣ್ಣು ಮಾಸಿದೆ, ಇನ್ನೊಂದರ ಜೀನು ಅಳಿಸಿದೆ. ಮಕ್ಕಳು ಆಡಿ ಬಿಟ್ಟ ಪ್ಲಾಸ್ಟಿಕ್ ಕುದುರೆಗಳು ಬೇರೆ! ಎಸೆಯಲು ಮನಸ್ಸಿಲ್ಲ, ಇಡಲು ಅಂದವಿಲ್ಲ.

ಅಂಥ ಕುದುರೆಗೆ ಅಕ್ರಿಲಿಕ್ ಬಣ್ಣ ಹಚ್ಚಿ ಹೊಸ ರೂಪ ಕೊಡಬಹುದು. ಚಿತ್ರಕಲೆ ಕಲಿತಿರಬೇಕೆಂದೇನಿಲ್ಲ, ರಂಗೋಲಿ ಎಳೆಯುವ ಕೈ ಸಾಕು. ನಾನೂ ಶಾಲೆ ಬಿಟ್ಟ ಮೇಲೆ ಬ್ರಷ್ ಹಿಡಿದವಳಲ್ಲ. ಮಗಳ ಹಳೇ ಗುಲಾಬಿ ಪೋನಿಯನ್ನು ಮೂರು ಮಧ್ಯಾಹ್ನಗಳಲ್ಲಿ ಪಟ್ಟದ ಕುದುರೆ ಮಾಡಿದಾಗ ತಿಳಿದದ್ದಿಷ್ಟು: ಬಣ್ಣ ಹಚ್ಚುವುದು ಸುಲಭ. ಯಾವುದಕ್ಕೆ ಹಚ್ಚಬೇಕು, ಯಾವುದಕ್ಕೆ ಹಚ್ಚಬಾರದು ಅನ್ನುವುದೇ ಮುಖ್ಯ.

ಮೊದಲು ಕುದುರೆ ಯಾವುದರದ್ದೆಂದು ನೋಡಿ

ಚನ್ನಪಟ್ಟಣದ ಅರಗಿನ ಕುದುರೆಯೇ? ದಯವಿಟ್ಟು ಮುಟ್ಟಬೇಡಿ. ಅದರ ಮೇಲಿರುವುದು ಪೇಂಟ್ ಅಲ್ಲ. ಆಲೆ ಮರದ ತುಂಡನ್ನು ಲೇತ್‌ನಲ್ಲಿ ತಿರುಗಿಸುತ್ತಾ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ನುಣುಪಿನ ಮೇಲೆ ಅಕ್ರಿಲಿಕ್ ಸರಿಯಾಗಿ ಹಿಡಿಯುವುದಿಲ್ಲ. ಹಿಡಿಯಲಿ ಅಂತ ಎಮರಿ ಪೇಪರ್‌ನಲ್ಲಿ ಉಜ್ಜಿದಿರೋ, ಆ ಹೊಳಪನ್ನು ಮನೆಯಲ್ಲಿ ಮತ್ತೆ ತರಲಾಗದು. ಸ್ಪಿರಿಟ್ ಕೂಡ ಬೇಡ, ಅರಗು ಕರಗುತ್ತದೆ. ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಅಜ್ಜಿ ಕಾಲದ ಮಣ್ಣಿನ ಕುದುರೆಯೇ? ಹಳೇ ಮಣ್ಣಿನ ಗೊಂಬೆಗಳ ಬಣ್ಣ ಎಷ್ಟೋ ಸಲ ನೀರು ತಾಗಿದರೆ ಬಿಡುತ್ತದೆ. ಆದ್ದರಿಂದ ಒದ್ದೆ ಬಟ್ಟೆ ಬೇಡ, ಒಣ ಬ್ರಷ್‌ನಿಂದ ಧೂಳು ಕೊಡವಿ. ಕಣ್ಣು ಮಾಸಿದ್ದರೂ ಇರಲಿ ಬಿಡಿ. ಅದು ಎಂದೋ ಒಬ್ಬ ಕುಶಲಕರ್ಮಿ ಕೈಯಾರೆ ಬರೆದ ಕಣ್ಣು. ಅದರ ಮೇಲೆ ಅಕ್ರಿಲಿಕ್ ಬಳಿದು ಆಮೇಲೆ ತೆಗೆಯಹೊರಟರೆ ಕೆಳಗಿನ ಬಣ್ಣವೂ ಕಿತ್ತು ಬರುತ್ತದೆ. ಅತ್ತೆಯವರನ್ನೋ ಅಮ್ಮನನ್ನೋ ಕೇಳದೆ ಬ್ರಷ್ ಎತ್ತಲೇಬೇಡಿ. ನಿಮಗೆ ಹಳೇ ಸಾಮಾನಾಗಿ ಕಂಡದ್ದು ಅವರಿಗೆ ತವರಿನ ನೆನಪಾಗಿರಬಹುದು, ಅಲ್ಲವೇ?

ಪ್ಲಾಸ್ಟಿಕ್ ಕುದುರೆಯೇ? ಹಾಗಾದರೆ ಧೈರ್ಯವಾಗಿ ಕೈ ಹಾಕಿ! ಕಡಲೆಕಾಯಿ ಪರಿಷೆಯಲ್ಲಿ ಕೊಂಡದ್ದಾದರೂ ಸರಿ, ನೈಲಾನ್ ಕೂದಲಿನ ವಿದೇಶಿ ಪೋನಿಯಾದರೂ ಸರಿ. ಅಮೆರಿಕದ ಹಾಸ್ಬ್ರೊ ಕಂಪನಿ 1983ರಲ್ಲಿ ಮಾರುಕಟ್ಟೆಗೆ ತಂದ 'ಮೈ ಲಿಟಲ್ ಪೋನಿ'ಗಳಿಗೆ ಹೀಗೆ ಬಣ್ಣ ಬದಲಿಸುವುದು ಅಲ್ಲಿ ದೊಡ್ಡವರಿಗೂ ಹವ್ಯಾಸ.

ಬಣ್ಣ ಹಚ್ಚುವ ಕ್ರಮ

* ಸೋಪಿನ ನೀರಿನಲ್ಲಿ ತೊಳೆದು ಒಂದು ರಾತ್ರಿ ಒಣಗಿಸಿ. ಕೈಜಿಡ್ಡು ಉಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

* 400 ನಂಬರಿನ ಎಮರಿ ಪೇಪರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ. ಹಳೇ ಕಣ್ಣು ಅಳಿಸಲು ನೇಲ್ ಪಾಲಿಷ್ ರಿಮೂವರ್ ಬಳಸುವವರಿದ್ದಾರೆ. ಅದರಲ್ಲಿ ಅಸಿಟೋನ್ ಇದ್ದರೆ ಗಟ್ಟಿ ಪ್ಲಾಸ್ಟಿಕ್ಕೇ ಕರಗಬಹುದು. ಹೊಟ್ಟೆಯ ಕೆಳಗೆ ಒಂದು ಚುಕ್ಕೆ ಹಚ್ಚಿ ನೋಡಿ ಮುಂದುವರಿಯಿರಿ.

* ಕೂದಲಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

* ಮೊದಲು ಬಿಳಿ ಬಣ್ಣದ ತೆಳು ಪದರ, ಅದರ ಮೇಲೆ ನಿಮಗೆ ಬೇಕಾದ ಬಣ್ಣ. ಹದ ಹೇಗಿರಬೇಕು? ದೋಸೆ ಹಿಟ್ಟಿನಷ್ಟು ಮಂದ ಬೇಡ, ಗಟ್ಟಿ ಹಾಲಿನಷ್ಟಿರಲಿ. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಬ್ರಷ್‌ನ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಮೂರು-ನಾಲ್ಕು ತೆಳು ಪದರಗಳೇ ಚೆನ್ನ. ಒಂದೊಂದರ ನಡುವೆ ಅರ್ಧ ಗಂಟೆ ಬಿಡಿ, ಮಳೆ ಥಂಡಿಯಿದ್ದರೆ ಇನ್ನೂ ಹೆಚ್ಚು ಹೊತ್ತು.

* ಜೀನು, ಲಗಾಮು ಆದ ಮೇಲೆ ಕೊನೆಗೆ ಕಣ್ಣು. ಕಪ್ಪು ಒಣಗಿದ ಮೇಲೆ ಟೂತ್‌ಪಿಕ್ ತುದಿಯಲ್ಲಿ ಒಂದು ಬಿಳಿ ಚುಕ್ಕೆ ಇಡಿ. ಕುದುರೆಗೆ ಜೀವ ಬರುವುದು ಆಗಲೇ! ಜೀನಿನ ಅಂಚಿಗೆ ಹಳೇ ಬ್ಲೌಸಿನ ಜರಿ ಅಂಟಿಸಬಹುದು.

* ಮೇಲೆ ನೀರಿನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಷ್ ಅನ್ನು ಬ್ರಷ್‌ನಿಂದಲೇ ಹಚ್ಚಿ. ಮೆತ್ತನೆಯ ಪ್ಲಾಸ್ಟಿಕ್ ಮೇಲೆ ಕೆಲವು ಸ್ಪ್ರೇ ವಾರ್ನಿಷ್‌ಗಳು ಎಷ್ಟು ದಿನವಾದರೂ ಅಂಟಂಟಾಗಿಯೇ ಉಳಿಯುತ್ತವೆ.

* ಬ್ರಷ್ಷನ್ನು ಕೂಡಲೇ ತೊಳೆಯಿರಿ. ಅಕ್ರಿಲಿಕ್ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಬಟ್ಟೆಗಾದರೂ ಅಷ್ಟೇ, ಹಳೇ ನೈಟಿ ತೊಟ್ಟೇ ಕೂತುಕೊಳ್ಳಿ! ಬಣ್ಣ ಕಲೆಸಿದ ಬಟ್ಟಲು ಮತ್ತೆ ಅಡುಗೆಮನೆಗೆ ಬೇಡ.

ಪುಟ್ಟ ಮಕ್ಕಳಿದ್ದರೆ ಎಚ್ಚರ

ಹೀಗೆ ಬಣ್ಣ ಹಚ್ಚಿದ ಕುದುರೆ ಗೊಂಬೆಯ ಮೆಟ್ಟಿಲಿಗೆ, ಷೋಕೇಸಿಗೆ ಮಾತ್ರ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕಂದನಿಗೆ ಖಂಡಿತ ಕೊಡಬೇಡಿ. ಬಾಟಲಿಯ ಮೇಲೆ 'ನಾನ್-ಟಾಕ್ಸಿಕ್' ಅಂತ ಬರೆದಿರಬಹುದು. ಹಾಗಂತ ಅದು ಮಗು ಚೀಪಲಿಕ್ಕೆ ಮಾಡಿದ ಬಣ್ಣವಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಆದರೆ ಆ ಗುರುತಿನ ಭರವಸೆ ನಾವು ಮೇಲೆ ಬಳಿದ ಬಣ್ಣಕ್ಕೆ ಸಲ್ಲುವುದಿಲ್ಲ, ನೆನಪಿರಲಿ.

ಗೇಟಿಗೆ ಹಚ್ಚಿ ಉಳಿದ ಹಳೇ ಪೇಂಟಿನ ಡಬ್ಬಿ ಇದೆಯಲ್ಲಾ ಎಂದುಕೊಂಡಿರಾ? ಬೇಡವೇ ಬೇಡ. ಮನೆ ಪೇಂಟಿನಲ್ಲಿ ಸೀಸದ ಅಂಶ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೋ ಯಾರು ಬಲ್ಲರು? ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು. ಇದೇ ಕಾರಣಕ್ಕೆ ತುಂಬ ಹಳೆಯ ಪೇಂಟ್ ಇರುವ ಆಟಿಕೆಯನ್ನು ಉಜ್ಜಿ ಧೂಳೆಬ್ಬಿಸಲೂಬೇಡಿ.

ಮೊದಲ ಸಲದವರು ಹಬ್ಬಕ್ಕೆ ಮೂರು ವಾರ ಮೊದಲೇ ಶುರು ಮಾಡಿದರೆ ಬಣ್ಣ ಪೂರ್ತಿ ಆರಲು ಸಮಯ ಸಿಗುತ್ತದೆ. ಹಬ್ಬ ಮುಗಿದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಅಟ್ಟಕ್ಕೆ ಏರಿಸಬೇಡಿ, ಸೆಕೆಗೆ ಬಣ್ಣ ಮೆತ್ತಗಾಗಿ ಕವರಿಗೆ ಅಂಟುತ್ತದೆ. ಹಳೇ ಕಾಟನ್ ಸೀರೆ ಚೂರಿನಲ್ಲಿ ಸಡಿಲವಾಗಿ ಸುತ್ತಿ. ಸುತ್ತುವ ಮುಂಚೆ ಹೊಟ್ಟೆಯ ಕೆಳಗೆ ಸಣ್ಣಗೆ ನಿಮ್ಮ ಹೆಸರು, ವರ್ಷ ಬರೆದಿಡಿ. ಮುಂದೆ ಟ್ರಂಕು ತೆರೆಯುವ ಸೊಸೆಗೋ ಮೊಮ್ಮಗಳಿಗೋ ಇದು ಯಾರ ಕೈಯ ಕೆಲಸ ಎಂದು ತಿಳಿಯಬೇಡವೇ?